ಜೊತೆ ಹೋದವಳ ಫೈಲು

ಇಬ್ರಾಹಿಂಪಟ್ನಂ
24 ಆಗಸ್ಟ್ 2025

ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ: ಚೆನ್ನಾಗಿದ್ದೇನೆ, ಊಟ ಮಾಡುತ್ತಿದ್ದೇನೆ, ಅಳುತ್ತಿಲ್ಲ. ಇಷ್ಟು ಅಮ್ಮನಿಗೆ. ನಿಮಗೆ ಬೇರೆ ವಿಷಯ ಇದೆ.

ಇಲ್ಲಿ ಫಸ್ಟ್ ಇಯರ್‌ನವರ ಫೋನುಗಳೆಲ್ಲ ವಾರ್ಡನ್ ಸೀತಾಮಹಾಲಕ್ಷ್ಮಿ ಮೇಡಂ ಬೀರುವಿನಲ್ಲಿ ಮಲಗಿವೆ. ಭಾನುವಾರ ಕೈಗೆ ಬರುತ್ತವೆ, ಆದರೆ ವರಾಂಡದಲ್ಲಿ ಎಲ್ಲರೂ ಒಟ್ಟಿಗೆ ಕಿರುಚುವಾಗ ನನ್ನ ಅಮ್ಮನ ದನಿಗಿಂತ ಪಕ್ಕದವಳ ಅಮ್ಮನ ದನಿಯೇ ಚೆನ್ನಾಗಿ ಕೇಳಿಸುತ್ತದೆ. ಅದಕ್ಕೇ ಈ ಪತ್ರ. ಹಾಸ್ಟೆಲ್ ನನಗೇನು ಹೊಸದಲ್ಲ. ಆರನೇ ಕ್ಲಾಸಿನಿಂದ ನಿಮ್ಮ ಟ್ರಾನ್ಸ್‌ಫರ್ ಒಂದು ಕಡೆ, ನನ್ನ ಟ್ರಂಕು ಒಂದು ಕಡೆ. ತೆಲುಗು ಕಲಿತದ್ದೂ ಆ ಹಾಸ್ಟೆಲುಗಳಲ್ಲೇ. ವೈಜಾಗ್‌ನಲ್ಲಿ ನಿಮ್ಮಿಬ್ಬರ ಜೊತೆ ಇದ್ದ ಆ ಎರಡು ವರ್ಷವೇ ಆಕ್ಚುಲಿ ನನಗೆ ಹೊಸದಾಗಿತ್ತು.

ವಿಷಯ ಏನೆಂದರೆ, ನಮ್ಮ ಕೆರಟಂ ಯೂತ್ ಕ್ಲಬ್ಬಿನ ಹಿಮಬಿಂದು ಮೇಡಂ ಬರೆದಿದ್ದಾರೆ. ಹದಿನೆಂಟು ತುಂಬಿದವರು ಕ್ಲಬ್ ಬಿಡಬೇಕು. ಆದರೆ ಒಬ್ಬರನ್ನು ಮಾತ್ರ ಮಾರ್ಗದರ್ಶಿ ಅಂತ ಉಳಿಸಿಕೊಳ್ಳುತ್ತಾರೆ. ರಜೆಯಲ್ಲಿ ಬಂದು ಹೊಸ ಹುಡುಗರಿಗೆ ಕೆಲಸ ಕಲಿಸಬೇಕು. ಅದಕ್ಕೆ ಒಂದು ಸಾಧನೆಯ ಫೈಲು ಕೊಡಬೇಕಂತೆ. ಏನು ಮಾಡಿದೆವು, ಯಾರು ನೋಡಿದರು, ಫೋಟೋ, ಸರ್ಟಿಫಿಕೇಟು. ನವೆಂಬರ್ ಕೊನೆಯೊಳಗೆ.

ನನ್ನ ಸಾಮಾನೆಲ್ಲ ಬೀರುವಿನ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿದೆ. ನಾನು ಮಾಡಿದ್ದು ಏನು ಅಂತ ನಿಮಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಕರ್ನಾಟಕದಿಂದ ಹೊಸದಾಗಿ ಬಂದ ನೇವಿಯವರ ಮನೆಯ ಹೆಂಗಸರಿಗೆ ತೆಲುಗು ಬರುವುದಿಲ್ಲ, ಗಂಡ ಹಡಗಿನಲ್ಲಿ. ಅವರ ಜೊತೆ ಆಸ್ಪತ್ರೆಗೆ, ಗ್ಯಾಸ್ ಆಫೀಸಿಗೆ, ಮಕ್ಕಳ ಅಡ್ಮಿಷನ್ನಿಗೆ ನಾನು ಹೋಗುತ್ತಿದ್ದೆ. ಕ್ಲಬ್ಬಿನಲ್ಲಿ ಅದಕ್ಕೆ ಏನೋ ದೊಡ್ಡ ಇಂಗ್ಲಿಷ್ ಹೆಸರಿದೆ. ನಾನು "ಜೊತೆ ಹೋಗೋದು" ಅಂತಿದ್ದೆ. ಅರ್ಧ ಹೊತ್ತು ಮಾತಾಡುವುದೇ ಇರುವುದಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತಿರಬೇಕು.

ಆ ಕೆಲಸಕ್ಕೆ ವಾಪಸ್ ಹೋಗಲು ನನಗೆ ಇದೊಂದೇ ಬಾಗಿಲು. ಇದು ನನಗೆ ಬೇಕು ಅಪ್ಪ. ದಯವಿಟ್ಟು ಫೈಲು ಸೇರಿಸಿ ಕೊಡುತ್ತೀರಾ? ತುಂಬಾ ದೊಡ್ಡದು ಮಾಡಬೇಡಿ.

ನಿಮ್ಮ
ಅಪೂರ್ವಾ

ವಿಶಾಖಪಟ್ಟಣ
5 ಸೆಪ್ಟೆಂಬರ್ 2025

ಚಿ. ಅಪೂರ್ವಾಳಿಗೆ ತಂದೆಯ ಆಶೀರ್ವಾದ.

ಪತ್ರ ತಲುಪಿತು. ರಟ್ಟಿನ ಪೆಟ್ಟಿಗೆ ತೆಗೆದು ನೋಡಿದೆ. ಹೇಳಲು ಬೇಸರ, ಇದರಲ್ಲಿ ಫೈಲಿಗೆ ಆಗುವಂಥದ್ದು ಬಹಳ ಕಡಿಮೆ. ಎರಡು ಗ್ರೂಪ್ ಫೋಟೋಗಳಿವೆ, ಒಂದರಲ್ಲಿ ನಿನ್ನ ಕಿವಿ ಮಾತ್ರ ಕಾಣಿಸುತ್ತದೆ. ಒಂದು ಪ್ರಮಾಣಪತ್ರದಲ್ಲಿ ಹೆಸರು ಬರೆಯುವ ಜಾಗ ಖಾಲಿ ಇದೆ. ಉಳಿದದ್ದು ಶಂಖ, ಕಪ್ಪೆಚಿಪ್ಪು, ಬಸ್ ಟಿಕೆಟ್.

ನೀನು ಜೊತೆ ಹೋದೆ ಎನ್ನುತ್ತೀಯ. ಸರಿ. ಯಾರ ಜೊತೆ, ಯಾವತ್ತು, ಎಲ್ಲಿಗೆ? ಬ್ಯಾಂಕಿನಲ್ಲಿ ನಾನು ಎದುರಿಗಿರುವವನನ್ನು ನಂಬಿದರೂ ಕಾಗದವಿಲ್ಲದೆ ಬರೆದುಕೊಳ್ಳುವಂತಿಲ್ಲ. ಪ್ರತಿ ಪುಟದ ಕೆಳಗೆ "ಆಧಾರ" ಎಂಬ ಒಂದು ಸಾಲು ಇಟ್ಟಿದ್ದೇನೆ. ಆ ಸಾಲಿಗೆ ಕಾಗದ ಲಗತ್ತಿಸಬೇಕು. ನೆರವು ಪಡೆದವರು ಸಹಿ ಮಾಡಲೆಂದು ಒಂದು ನಮೂನೆ ಟೈಪ್ ಮಾಡಿಸಿದ್ದೇನೆ.

ಇನ್ನೊಂದು ವಿಷಯ. ಹಿಮಬಿಂದು ಅವರು ಹಾಜರಿ ಪುಸ್ತಕ ತೋರಿಸಿದರು. ಕಳೆದ ವರ್ಷ ಸೆಪ್ಟೆಂಬರಿನಿಂದ ಈ ವರ್ಷ ಮಾರ್ಚಿನಲ್ಲಿ ಪುಸ್ತಕ ಮುಗಿಯುವವರೆಗೆ ನೀನು ಹೋಗಿಯೇ ಇಲ್ಲ. ಮನೆಯಲ್ಲಿ ಪ್ರತಿ ಶನಿವಾರ ಕ್ಲಬ್ಬಿಗೆಂದು ಹೊರಡುತ್ತಿದ್ದೆಯಲ್ಲ? ಇಷ್ಟು ದೊಡ್ಡ ಖಾಲಿ ಜಾಗ ಕಮಿಟಿಯವರ ಕಣ್ಣಿಗೆ ಬೀಳದೆ ಇರುವುದಿಲ್ಲ. ಕಾರಣ ಬರೆ. ಸಂಗೀತ ಬಿಟ್ಟೆ, ಈಜು ಬಿಟ್ಟೆ, ಇದೂ ಹಾಗೆಯೇ ಎಂದು ಅವರು ತಿಳಿಯಬಾರದು.

ಇತಿ,
ಶ್ರೀವತ್ಸ

(ಕೆಳಗೆ, ಅಮ್ಮನ ಅಕ್ಷರದಲ್ಲಿ) ಅಪ್ಪೀ, ನಿಮ್ಮಪ್ಪ ನಿನ್ನ ಫೈಲ್ ಮಾಡ್ತಿಲ್ಲ, ನಿನಗೆ ಸಾಲ ಮಂಜೂರು ಮಾಡ್ತಿದ್ದಾರೆ. ಜಾಮೀನುದಾರರು ಯಾರು ಅಂತ ಕೇಳದಿದ್ದರೆ ಪುಣ್ಯ. ತಲೆಗೆ ಎಣ್ಣೆ ಹಚ್ಚಿಕೊ. — ಕಮಲಾಕ್ಷಿ

ಇಬ್ರಾಹಿಂಪಟ್ನಂ
14 ಸೆಪ್ಟೆಂಬರ್ 2025

ಅಪ್ಪಾ,

ನಿಮ್ಮ ಪತ್ರ ನನಗಿಂತ ಮೊದಲು ವಾರ್ಡನ್ ಮೇಡಂ ಓದಿದರು. ಬರುವ ಪತ್ರಗಳನ್ನೆಲ್ಲ ಅವರು ಒಡೆದೇ ಕೊಡುವುದು. ಕನ್ನಡ ಅಕ್ಷರ ತೆಲುಗಿನ ಅಕ್ಕನ ಮಗಳ ಹಾಗೆ ಇದೆಯಲ್ಲ, ಒಂದೊಂದೇ ಅಕ್ಷರ ಕೂಡಿಸಿ ಆಫೀಸಿನಲ್ಲಿ ಗಟ್ಟಿಯಾಗಿ ಓದಿದರು. ಅರ್ಧ ಅರ್ಥವಾಯಿತು, ಅರ್ಧ ಅವರೇ ಮಾಡಿಕೊಂಡರು. "ಏಮ್ಮಾ, ನಿಮ್ಮ ನಾನ್ನ ನಿನಗೆ ಲೋನ್ ಕೊಡ್ತಾರಾ?" ಅಂತ ಕೇಳಿದರು. ಅಮ್ಮನ ಜೋಕು ತೆಲುಗಿನಲ್ಲೂ ಪಾಸಾಯಿತು ಅಂತ ಹೇಳಿ.

ಇಲ್ಲಿ ಪವರ್ ಸ್ಟೇಷನ್ನಿನ ಬೂದಿ. ಬೆಳಿಗ್ಗೆ ಒಣಹಾಕಿದ ಬಿಳಿ ಕೋಟು ಸಂಜೆಗೆ ಬೆಕ್ಕಿನ ಬಣ್ಣ ಆಗಿರುತ್ತದೆ. ಫಾರ್ಮಸಿ ಲ್ಯಾಬಿಗೆ ಬಿಳಿ ಕೋಟೇ ಬೇಕು. ಸೀನಿಯರ್‌ಗಳು "ನಾಲ್ಕು ವರ್ಷ ಕಳೆದರೆ ಪರವಾಡದ ಔಷಧಿ ಕಂಪನಿ ಬಸ್ಸು, ಅಲ್ಲಿವರೆಗೂ ಒಗೀತಾ ಇರು" ಅಂತಾರೆ. ರಾತ್ರಿ ಓದಿದ್ದು ಬೆಳಿಗ್ಗೆ ಇರುವುದಿಲ್ಲ. ಟೆನ್ಷನ್ ಆದರೆ ನನಗೆ ಅಂಗೈ ಬೆವರುತ್ತದೆ, ನಿಮಗೆ ಗೊತ್ತಲ್ಲ. ಗೊತ್ತಾ?

ಖಾಲಿ ಜಾಗಕ್ಕೆ "ವಿದ್ಯಾಭ್ಯಾಸದ ನಿಮಿತ್ತ" ಅಂತ ಬರೆಯಿರಿ. ಇಂಟರ್ ಸೆಕೆಂಡ್ ಇಯರ್ ಇತ್ತು, ಎಲ್ಲರೂ ನಂಬುತ್ತಾರೆ. ಶನಿವಾರ ನಾನು ಬೀಚಿಗೆ ಹೋಗಿ ಕೂತು ಬರುತ್ತಿದ್ದೆ. ಅಷ್ಟೇ. ಕೆಟ್ಟದ್ದು ಏನೂ ಇಲ್ಲ.

ಆಧಾರಕ್ಕೆ ಶಾಲೆಯ ಅಡ್ಮಿಷನ್ ದಿನದ ಫೋಟೋ ಹಿಮಬಿಂದು ಮೇಡಂ ಹತ್ತಿರ ಇರಬೇಕು. ಅಷ್ಟು ಸಾಕು. ಆ ನಮೂನೆ ಹಿಡಿದು ಮನೆ ಮನೆಗೆ ಹೋಗಬೇಡಿ, ಪ್ಲೀಸ್. ಜೊತೆ ಹೋಗುವುದು ಅಂದರೆ ಅವರ ಮನೆಯ ವಿಷಯವೆಲ್ಲ ನಮಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಸಹಿ ಕೇಳಿದರೆ ಚೆನ್ನಾಗಿರುವುದಿಲ್ಲ.

ಅಪೂರ್ವಾ

ವಿಶಾಖಪಟ್ಟಣ
5 ಅಕ್ಟೋಬರ್ 2025

ಚಿ. ಅಪೂರ್ವಾಳಿಗೆ ಆಶೀರ್ವಾದ.

ದಸರೆಗೆ ನೀನು ಬರಲಿಲ್ಲ. ವಿಜಯವಾಡದ ಇಂದ್ರಕೀಲಾದ್ರಿಯಲ್ಲಿ ದುರ್ಗಮ್ಮನ ದರ್ಶನದ ಸಾಲಿನಲ್ಲಿ ನಿಮ್ಮ ಹಾಸ್ಟೆಲಿನವರೆಲ್ಲ ನಿಂತಿದ್ದಿರಂತೆ, ಅಮ್ಮ ಟಿ.ವಿ.ಯಲ್ಲಿ ನಿನ್ನನ್ನು ಹುಡುಕಿದಳು. ಅಷ್ಟು ತಲೆಗಳಲ್ಲಿ ಯಾವುದೋ ಒಂದನ್ನು ನೀನೇ ಎಂದು ತೀರ್ಮಾನಿಸಿ ಸಮಾಧಾನ ಮಾಡಿಕೊಂಡಳು.

ನೀನು ಬೇಡವೆಂದರೂ ನಾನು ಹೋದೆ. ಸಿಟ್ಟು ಮಾಡಿಕೊಳ್ಳಬೇಡ. ಒಂದು ಫೋಟೋದ ಮೇಲೆ ಫೈಲು ನಿಲ್ಲುವುದಿಲ್ಲ. ಹಿಮಬಿಂದು ಅವರಿಂದ ಹೆಸರುಗಳನ್ನು ಪಡೆದು ರಜೆಯ ದಿನಗಳಲ್ಲಿ ಸ್ಕೂಟರಿನಲ್ಲಿ ಹೊರಟೆ. ನೇವಿ ಕ್ವಾರ್ಟರ್ಸಿನ ಗೇಟಿನಲ್ಲಿ ಕಾವಲಿನವನು ಬಂದ ಕಾರಣವೇನು ಎಂದು ಕೇಳಿದ. "ಮಗಳ ಸಾಧನೆ" ಎಂದೆ. ಅವನು ಪುಸ್ತಕದಲ್ಲಿ "ಮದುವೆ ಆಹ್ವಾನ" ಎಂದು ಬರೆದುಕೊಂಡು ಒಳಗೆ ಬಿಟ್ಟ.

ಅಲ್ಲಿ ನನ್ನನ್ನು ಯಾರೂ ಮ್ಯಾನೇಜರ್ ಎನ್ನಲಿಲ್ಲ. "ನೀವು ಅಪೂರ್ವಾ ಅಪ್ಪನಾ? ಕೂತ್ಕಳಿ ಸಾರ್, ಮೊದ್ಲು ಕಾಫಿ" ಎಂದವರು ಸಿಂಧೂರ, ಹಾಸನದ ಕಡೆಯವರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಗ್ಯಾಸ್ ಆಫೀಸಲ್ಲಿ ಫಣಿ ಅಂತ ಒಬ್ಬ, ದಿನಾ ನಾಳೆ ಬಾ ಅನ್ನೋನು. ನಿಮ್ ಮಗಳು ಅವನ ಟೇಬಲ್ ಮುಂದೆ ಕುರ್ಚಿ ಎಳ್ಕಂಡು ಕೂತ್ಲು. ಪರವಾಲೇದಂಡಿ, ನಾಳೆವರ್ಗೂ ಇಲ್ಲೇ ಇರ್ತೀವಿ, ಫ್ಯಾನ್ ಚೆನ್ನಾಗಿದೆ ಅಂದ್ಲು. ಅವತ್ತೇ ಸಿಲಿಂಡರ್ ಬಂತು." ಮನೆಯಲ್ಲಿ ಉಪ್ಪು ಬೇಕಾದರೂ ಅಮ್ಮನ ಮೂಲಕ ಕೇಳುವ ಹುಡುಗಿ ಇವಳೇ ಏನು ಎಂದು ನಾನು ಮತ್ತೊಮ್ಮೆ ವಿಚಾರಿಸಿದೆ. ಎತ್ತರ, ಜಡೆ, ಎಲ್ಲ ನಿನ್ನದೇ.

ಒಂದು ಮನೆಯಲ್ಲಿ ಮಾತ್ರ ಕೆಲಸ ಆಗಲಿಲ್ಲ. ಮಂಗಳಾಗೌರಿ, ಗೋಕಾಕದ ಕಡೆಯ ಹುಡುಗಿ, ಗಂಡ ಪೃಥ್ವೀರಾಜ್ ಹಡಗಿನಲ್ಲಿರುವವರು. ಕಳೆದ ವರ್ಷ ಆಗಸ್ಟಿನಲ್ಲಿ ಅವರ ಜೊತೆ ನೀನು ಆಸ್ಪತ್ರೆಗೆ ಹೋದದ್ದೇ ಕ್ಲಬ್ಬಿನ ಪುಸ್ತಕದಲ್ಲಿರುವ ನಿನ್ನ ಕೊನೆಯ ಹಾಜರಿ. ನಮೂನೆ ಕೊಟ್ಟೆ. ಓದಿದರು. "ಕೂಡ್ರಿ, ಚಾ ತರ್ತೀನಿ" ಎಂದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಕಾದೆ. ಕೊನೆಗೆ ಪಕ್ಕದ ಮನೆಯವರು ಬಂದು, ಇನ್ನೊಂದು ದಿನ ಬನ್ನಿ ಎಂದರು. ಆ ಕಾಗದ ಅಲ್ಲೇ ಟೀಪಾಯಿಯ ಮೇಲೆ ಉಳಿಯಿತು. ನೀನು ಅವರೊಡನೆ ಜಗಳವಾಡಿದ್ದೆಯಾ? ಹಾಗಿದ್ದರೆ ಈಗಲೇ ಹೇಳು.

ಇತಿ,
ಶ್ರೀವತ್ಸ

ಇಬ್ರಾಹಿಂಪಟ್ನಂ
10 ಅಕ್ಟೋಬರ್ 2025

ಅಪ್ಪಾ,

ನಾನು ಹೋಗಬೇಡಿ ಅಂತ ಬರೆದಿದ್ದೆ. ಬರೆದಿದ್ದೆ ಅಲ್ವಾ?

ಜಗಳ ಆಡಿಲ್ಲ. ಮತ್ತೆ ಅವರ ಮನೆಗೆ ಹೋಗಬೇಡಿ. ಆ ಕಾಗದ ಅವರ ಕಣ್ಣೆದುರು ಇರಬಾರದು, ಆದರೆ ತರಲಿಕ್ಕೂ ಹೋಗಬೇಡಿ. ಏನು ಮಾಡಬೇಕೋ ನನಗೂ ಗೊತ್ತಿಲ್ಲ.

ಫೈಲು ನಿಲ್ಲಿಸಿ. ನನಗೆ ಮಾರ್ಗದರ್ಶಿ ಆಗುವುದು ಬೇಡ. ಹಿಮಬಿಂದು ಮೇಡಂಗೆ ಹೇಳಿಬಿಡಿ. ಕಾರಣ ಕೇಳಬೇಡಿ, ಅದು ನನ್ನದಲ್ಲ, ಹೇಳೋಕೆ ಆಗಲ್ಲ.

ಅಪೂರ್ವಾ

ವಿಶಾಖಪಟ್ಟಣ
17 ಅಕ್ಟೋಬರ್ 2025

ಅಪೂರ್ವಾಳಿಗೆ,

ನಿನ್ನ ಪತ್ರ ಬಂತು. ಫೈಲು ನಿಲ್ಲಿಸಿದ್ದೇನೆ.

ಅರ್ಧಕ್ಕೆ ಬಿಡುವುದು ನಿನಗೆ ಅಭ್ಯಾಸವಾಗಿದೆ. ಈ ಸಲ ನಾನೂ ನಿನ್ನ ಜೊತೆ ಸೇರಿ ಅರ್ಧ ದಾರಿ ನಡೆದೆ, ಅದೊಂದು ವ್ಯತ್ಯಾಸ.

ಶ್ರೀವತ್ಸ

(ಅಮ್ಮನ ಅಕ್ಷರದಲ್ಲಿ) ಅಪ್ಪೀ, ಇದು ಸಿಟ್ಟಿನಲ್ಲಿ ಬರೆದದ್ದು. ಕಳಿಸಬೇಡಿ ಅಂದೆ, ಕೇಳಲಿಲ್ಲ. ಫೈಲನ್ನ ಅಟ್ಟಕ್ಕೆ ಹಾಕಿಲ್ಲ, ಊಟದ ಮೇಜಿನ ಮೇಲೇ ಇದೆ. ನಾವಿಬ್ಬರೂ ಅದರ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಉಣ್ತಿದ್ದೀವಿ. ನನಗಾದರೂ ಬರೆ.

ಇಬ್ರಾಹಿಂಪಟ್ನಂ
29 ಅಕ್ಟೋಬರ್ 2025

ಮಂಗಳಕ್ಕಾ,

ನಾನು ಅಪೂರ್ವಾ. ಬ್ಯಾಂಕ್ ಕ್ವಾರ್ಟರ್ಸಿನ ಅಪೂರ್ವಾ. ನೆನಪಿರದೆ ಇರಲಿಕ್ಕಿಲ್ಲ. ನೆನಪು ಇಲ್ಲದಿದ್ದರೆ ಒಳ್ಳೆಯದು ಅಂತಲೂ ಅನಿಸುತ್ತದೆ.

ತುಫಾನು ಅಂತ ಕಾಲೇಜಿಗೆ ರಜಾ. ಕಿಟಕಿಗಳೆಲ್ಲ ಮುಚ್ಚಿವೆ, ಕರೆಂಟು ಬಂದು ಹೋಗಿ ಮಾಡುತ್ತಿದೆ. ಇಷ್ಟು ದಿನ ಬರೆಯದೆ ಇದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ನಿಮ್ಮ ಮನೆಗೆ ಒಂದು ಕಾಗದ ಹಿಡಿದು ಬಂದದ್ದಕ್ಕೆ ಸಾರಿ ಅಕ್ಕ. ಅವರಿಗೆ ಏನೂ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ. ನೀವು ಆವತ್ತು ಆಟೋದಲ್ಲಿ "ಯಾರ ಮುಂದೂ ಅನಬ್ಯಾಡ, ಅವರು ಹಡಗಿನಿಂದ ಬಂದ ಮ್ಯಾಲ ನಾನ ಹೇಳ್ತೀನಿ" ಅಂದಿರಿ. ಅಮ್ಮನಿಗೂ ಹೇಳಿಲ್ಲ.

ನಾನು ಬರೆಯಬೇಕಾದ್ದು ಇನ್ನೊಂದಿದೆ. ಸ್ಕ್ಯಾನ್ ಮಾಡಿದ ಡಾಕ್ಟರು, ಮಗುವಿನ ಎದೆಬಡಿತ ನಿಂತುಹೋಗಿದೆ, ನಿಮ್ಮ ಅಕ್ಕನಿಗೆ ನಿಧಾನವಾಗಿ ಹೇಳು ಅಂತ ನನಗೆ ತೆಲುಗಿನಲ್ಲಿ ಹೇಳಿದರು. ನಾನು ನಿಮ್ಮ ತಂಗಿ ಅಂದುಕೊಂಡಿದ್ದರು. ನನ್ನ ಕನ್ನಡ ನಿಮಗೆ ಗೊತ್ತಲ್ಲ. ಊಟ ಆಯ್ತಾ, ಚಪ್ಪಲಿ ಎಲ್ಲಿ, ಲೈಟ್ ಆರಿಸು, ಇಷ್ಟರ ಕನ್ನಡ. ಇಂಥದ್ದನ್ನು ಹೇಳುವ ಕನ್ನಡವನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಎಷ್ಟು ಹುಡುಕಿದರೂ ನನ್ನ ಬಾಯಿಗೆ ಬಂದದ್ದು "ಅಕ್ಕಾ, ಪಾಪು ಇಲ್ಲವಂತೆ" ಅಷ್ಟೇ. ಬಾಗಿಲು ತಟ್ಟಿದವರಿಗೆ ಮನೆಯಲ್ಲಿ ಯಾರೂ ಇಲ್ಲ ಅನ್ನುವ ಹಾಗೆ.

ಆಮೇಲೆ ಒಂದು ದಿನ ರೈತು ಬಜಾರಿನಲ್ಲಿ ನೀವು ನನ್ನನ್ನು ನೋಡಿ ಬೇರೆ ಸಾಲಿಗೆ ತಿರುಗಿಬಿಟ್ಟಿರಿ. ತಪ್ಪು ಅಂತ ಹೇಳುತ್ತಿಲ್ಲ. ನನ್ನ ಮುಖ ನೋಡಿದರೆ ಆ ಮಾತೇ ಕೇಳಿಸುತ್ತದೆ ಅಂತ ನನಗೆ ಅರ್ಥವಾಯಿತು. ಮುಂದಿನ ಶನಿವಾರ ಕ್ಲಬ್ಬಿನ ಮೆಟ್ಟಿಲವರೆಗೂ ಹೋದೆ. ಒಳಗೆ ಯಾರೋ ಆಸ್ಪತ್ರೆಗೆ ಹೋಗಬೇಕು ಅಂತ ಕಾಯುತ್ತಿದ್ದರು. ವಾಪಸ್ ಬಂದುಬಿಟ್ಟೆ. ಆಮೇಲೆ ಹೋಗಲಿಲ್ಲ.

ಉತ್ತರ ಬರೆಯಬೇಕಾಗಿಲ್ಲ, ಇಲ್ಲಿಗೆ ಬರುವ ಪತ್ರಗಳನ್ನು ವಾರ್ಡನ್ ಒಡೆದು ಓದುತ್ತಾರೆ. ಆ ಕಾಗದ ಇನ್ನೂ ನಿಮ್ಮ ಮನೆಯಲ್ಲಿದ್ದರೆ ಹರಿದು ಹಾಕಿ.

ನಿಮ್ಮ
ಅಪೂರ್ವಾ

ವಿಶಾಖಪಟ್ಣ
11 ನವೆಂಬರ್ 2025

ಅಪೂರ್ವಾ,

ನೀ ಹೆಂಗಿದ್ದಿ ಅಂತ ಕೇಳೂದಿಲ್ಲ, ನಿನ್ನ ಕಾಗದ ನೋಡಿದ್ರ ಗೊತ್ತಾಗ್ತೈತಿ. ನಾ ಕಾಗದ ಬರದು ಭಾಳ ದಿನ ಆತು. ಮಾತಾಡಿದಂಗ ಬರೀತೀನಿ, ನಗಬ್ಯಾಡ. ನಿಮ್ಮ ವಾರ್ಡನ್ ಕೈಗೆ ಸಿಗಬಾರದಂತ ಇದನ್ನ ಆ ಕಡೆ ಹೊಂಟವರ ಕೈಯಾಗ ಕೊಟ್ಟು ಕಳಸೀನಿ.

ಮೊದಲ ನಿಮ್ಮ ಅಪ್ಪಾರ ಸುದ್ದಿ. ಅವರ ಮ್ಯಾಲ ಸಿಟ್ಟಾಗಬ್ಯಾಡ. ಆವತ್ತ ನಾ ಒಳಗ ಹೋಗಿದ್ದು ಸಿಟ್ಟಿಗಲ್ಲ. ಆ ಫಾರಂನ್ಯಾಗ "ಪಡೆದ ನೆರವು" ಅಂತ ಬರದು ಮುಂದ ಒಂದು ಗೆರಿ ಖಾಲಿ ಬಿಟ್ಟಿದ್ರು. ಅದರಾಗ ಏನ್ ಬರೀಲಿ, ನೀನ ಹೇಳು. ಒಲಿ ಮ್ಯಾಲ ಚಾ ಇಟ್ಟು ಅದನ್ನ ವಿಚಾರ ಮಾಡಕೋತ ನಿಂತೆ. ಚಾ ಉಕ್ಕಿ ಹೋತು, ಅಳು ನಿಂದರಲಿಲ್ಲ. ಕೆಂಪ ಕಣ್ಣ ಇಟಗೊಂಡು ಹಿರ್ಯಾರ ಮುಂದ ಹೆಂಗ ಬರ್ಲಿ?

ಬಜಾರದಾಗ ನಾ ಬ್ಯಾರೆ ಸಾಲಿಗೆ ಹೊಳ್ಳಿದ್ದು ಖರೇ. ನಿನ್ನ ನೋಡಿದ್ರ ನನಗ ಅಳು ಬರ್ತಿತ್ತು. ನೀ ಹದಿನೇಳು ವರ್ಷದ ಹುಡುಗಿ, ಆವತ್ತ ನನ್ನ ಮುಂದ ಅಳಲಾರದ ತುಟಿ ಕಚಕೊಂಡು ಕುಂತಿದ್ದಿ. ಮತ್ತ ನನ್ನ ಅಳು ನಿನಗ ಯಾಕ ತೋರಸಬೇಕು ಅಂತ ಹೊಳ್ಳಿದೆ. ನೀ ಅದನ್ನ ಹಿಂಗ ತಿಳಕೊಂಡು ವರ್ಷದ ಮ್ಯಾಲ ಹೊತಗೊಂಡು ತಿರಗತಿ ಅಂತ ನನಗೇನ್ ಗೊತ್ತು? ಹುಚ್ಚಿ.

ಇನ್ನೊಂದು ಹೇಳ್ತೀನಿ. ನೀ ಹೇಳೂಕಿಂತ ಮೊದಲ ನನಗ ತಿಳಿದಿತ್ತು. ಡಾಕ್ಟರಬಾಯಿ ತೆಲುಗಿನ್ಯಾಗ ಹೇಳೂಮುಂದ ನಾ ಆಕಿ ಮುಖ ನೋಡಲಿಲ್ಲ, ನಿನ್ನ ಮುಖ ನೋಡಿದೆ. ಅಷ್ಟ ಸಾಕಾತು. ಆಮ್ಯಾಲ ನೀ ನನ್ನ ಹೊರಗ ಕರಕೊಂಡು ಬಂದು ಬಾಕಿನ ಮ್ಯಾಲ ಕೂಡ್ರಿಸಿ, ನೀರಿನ ಬಾಟ್ಲಿ ಮುಚ್ಚಳಾ ತಗದು ಕೈಯಾಗ ಕೊಟ್ಟು, ಮಾತು ಹುಡಕಾಕ ಹತ್ತಿದಿ. "ನನಗ ಗೊತ್ತಾತು ಬಿಡವ್ವಾ" ಅಂದಿದ್ರ ನಿನ್ನ ಎದಿ ಹಗುರ ಆಗ್ತಿತ್ತು. ನಾ ಅನ್ನಲಿಲ್ಲ. ಆ ಊರಾಗ, ಆ ಆಸ್ಪತ್ರ್ಯಾಗ, ಎಲ್ಲಾರೂ ನನಗ ತಿಳೀದ ಮಾತಿನ್ಯಾಗ ನನ್ನ ಕೂಸಿನ ಸುದ್ದಿ ಆಡತಿದ್ರು. ಒಬ್ಬರರೆ ನನ್ನ ಮಾತಿನ್ಯಾಗ ಅದನ್ನ ಹೇಳೂದು ನನಗ ಬೇಕಾಗಿತ್ತು. ಅದಕ್ಕ ಕಾದೆ. ನೀ ಹೇಳಿದಿ. ಪಾಪು ಅಂದಿ. ಡಾಕ್ಟರ್ ಕಾಗದದಾಗ ಅದಕ್ಕ ಏನೇನೋ ಹೆಸರಿತ್ತು, ಪಾಪು ಅಂದಾಕಿ ನೀ ಒಬ್ಬಾಕಿ.

ಅವರಿಗೆ ಹಡಗಿನಿಂದ ಬಂದ ಮ್ಯಾಲ ಹೇಳೀನಿ. ಊರಾಗ ಇನ್ನೂ ಯಾರಿಗೂ ಗೊತ್ತಿಲ್ಲ, ಗೊತ್ತಾಗೂದೂ ಬ್ಯಾಡ. ಅದಕ್ಕ ನಿನ್ನ ಫೈಲಿನ್ಯಾಗ ಅದು ಬ್ಯಾಡ.

ಮತ್ತ, ಶನಿವಾರ ನೀ ಬರೂದು ಬಿಟ್ಟ ಮ್ಯಾಲ ಅಥಣಿ ಕಡಿಯಿಂದ ಒಬ್ಬಾಕಿ ಹೊಸದಾಗಿ ಬಂದ್ಲು, ತೆಲುಗು ಒಂದು ಅಕ್ಷರ ಬರೂದಿಲ್ಲ. ಯಾರರೆ ಹೋಗಬೇಕಲ್ಲ? ನಾನ ಹೋದೆ. ನೀ ಆಟೋದವಗ ಅಂತಿದ್ದೆಲ್ಲ, "ಮೀಟರ್ ಉಂದಾ ಲೇದಾ" ಅಂತ ಸೊಂಟದ ಮ್ಯಾಲ ಕೈ ಇಟ್ಟು, ಹಂಗ ಅಂದೆ. ಅಂವ ಹೆದರಿದ. ನನ್ನ ತೆಲುಗು ಕೇಳಿ ನಗತಾರ, ನಗಲಿ. ಈಗ ಹೊಸಾ ಮಂದಿ ಯಾರ ಬಂದ್ರೂ ನನ್ನ ಬಾಗಲಾ ಬಡೀತಾರ. ಎಲ್ಲಾ ನಿನ್ನ ನೋಡಿ ಕಲತದ್ದು.

ಸಂಕ್ರಾಂತಿಗೆ ಬಂದಾಗ ಮನಿಗೆ ಬಾ. ಎಳ್ಳ ಹೋಳಿಗಿ ಮಾಡ್ತೀನಿ.

ನಿನ್ನ
ಮಂಗಳಕ್ಕ

ವಿಶಾಖಪಟ್ಟಣ
27 ನವೆಂಬರ್ 2025

ಚಿ. ಅಪೂರ್ವಾಳಿಗೆ,

ಈ ಪತ್ರವನ್ನು ನಿನಗಿಂತ ಮೊದಲು ಓದುವ ಸೀತಾಮಹಾಲಕ್ಷ್ಮಿ ಅವರಿಗೆ ಮೊದಲು ನನ್ನ ನಮಸ್ಕಾರ. ಅವರು ಓದುತ್ತಾರೆ ಎಂಬ ಕಾರಣಕ್ಕೆ ಕೆಲವನ್ನು ಬರೆಯುವುದಿಲ್ಲ. ಅವರು ಓದದಿದ್ದರೂ ಬರೆಯುತ್ತಿರಲಿಲ್ಲ.

ಹೋದ ಭಾನುವಾರ ಮಂಗಳಾಗೌರಿ ಅವರೇ ನಮ್ಮ ಮನೆಗೆ ಬಂದರು. ನಾನು ಬಿಟ್ಟು ಬಂದ ಕಾಗದವನ್ನು ಮಡಿಸಿ ಹಿಂದಕ್ಕೆ ಕೊಟ್ಟರು. ಏನೂ ಬರೆದಿರಲಿಲ್ಲ. "ಇದರಾಗ ಬರಿಯಾಕ ಆಗೂದಿಲ್ರಿ, ಹೇಳ್ತೀನಿ, ಕೇಳ್ರಿ" ಎಂದರು. ಹೇಳಿದರು. ನಾನೂ ನಿನ್ನ ಅಮ್ಮನೂ ಕೇಳಿದೆವು.

ಆ ದಿನ ಸಂಜೆ ನೀನು ಮನೆಗೆ ಬಂದದ್ದು ನನಗೆ ನೆನಪಿದೆ. ಲೇಟಾಯಿತೆಂದು ನಾನು ಗದರಿದೆ. ನೀನು ಕೈಕಾಲು ತೊಳೆದು ಊಟಕ್ಕೆ ಕುಳಿತೆ. ಸಾರು ಬಡಿಸಿದಳು ಅಮ್ಮ. ನಾನು ಪೇಪರ್ ಓದುತ್ತಿದ್ದೆ.

"ಅರ್ಧಕ್ಕೆ ಬಿಡುವುದು ನಿನಗೆ ಅಭ್ಯಾಸ" ಎಂದು ಬರೆದದ್ದು ತಪ್ಪು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ, ಪುಸ್ತಕದಲ್ಲಿ ಬರೆದ ತಪ್ಪನ್ನು ಅಳಿಸುವಂತಿರಲಿಲ್ಲ. ಅದರ ಮೇಲೆ ಓದಲು ಬರುವ ಹಾಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ಆ ಪತ್ರ ನಿನ್ನ ಬಳಿ ಉಳಿದಿದ್ದರೆ ಬರುವಾಗ ತಾ.

ಫೈಲನ್ನು ನಿನ್ನೆ ಕೊಟ್ಟೆ. ಹೌದು, ನೀನು ನಿಲ್ಲಿಸು ಎಂದಿದ್ದೆ. ಆದರೆ ಮಂಗಳಾಗೌರಿ ಅವರು, "ಫೈಲು ಕೊಡ್ರಿ, ಆಕಿ ಕೆಲಸಾ ನಿಂತಿಲ್ಲ ಅಂತ ಬರೀರಿ" ಎಂದರು. ಅವರೂ ಅಥಣಿಯ ಹುಡುಗಿಯೂ ಆ ಪುಟಕ್ಕೆ ಸಹಿ ಮಾಡಿದ್ದಾರೆ. ನೀನು ಹೋಗದೆ ಇದ್ದ ತಿಂಗಳುಗಳಲ್ಲಿ ನಿನ್ನಿಂದ ಕಲಿತವರು ಹೋದರು ಎಂಬುದು ಅದರ ಸಾರಾಂಶ. ಇನ್ನು ಆಗಸ್ಟ್ ತಿಂಗಳ ಆ ಒಂದು ದಿನಕ್ಕೆ ಬೇರೆ ಪುಟ ಇಟ್ಟಿದ್ದೇನೆ. ಅದರಲ್ಲಿ ಇರುವುದು ಇಷ್ಟೇ:

ಸದಸ್ಯೆ ಒಬ್ಬರ ಜೊತೆ ಹೋಗಿದ್ದಳು.
ಆಧಾರ: ಇದೆ. ಲಗತ್ತಿಸಿಲ್ಲ.
ಪರಿಶೀಲಿಸಿದ್ದೇನೆ. — ಶ್ರೀವತ್ಸ, ಸದಸ್ಯೆಯ ತಂದೆ.

(ಅಮ್ಮನ ಅಕ್ಷರದಲ್ಲಿ) ಅಪ್ಪೀ, ಬೇಗ ಬಾ.

ವಿಶಾಖಪಟ್ಟಣ
20 ಡಿಸೆಂಬರ್ 2025

ಚಿ. ಅಪೂರ್ವಾಳಿಗೆ,

ಹಿಮಬಿಂದು ಅವರು ಫೋನ್ ಮಾಡಿದ್ದರು. "ಸಾರ್, ಫೈಲು ತುಂಬಾ ಚೆನ್ನಾಗಿದೆ. ಆ ಒಂದು ಪುಟಕ್ಕೆ ಏನಾದರೂ ಲಗತ್ತಿಸಿ. ಚೀಟಿ, ಸಹಿ, ಏನಾದರೂ. ಆಧಾರ ಇದೆ ಅಂತೀರಿ, ತೋರಿಸೋದಿಲ್ಲ ಅಂತೀರಿ, ಕಮಿಟಿಗೆ ನಾನೇನು ಹೇಳಲಿ? ಇಲ್ಲ ಅಂದರೆ ಆ ಪುಟವನ್ನೇ ತೆಗೆದುಬಿಡಿ" ಎಂದರು. ಇದೇ ಮಾತನ್ನು ನಾನು ಸರ್ವೀಸಿನುದ್ದಕ್ಕೂ ಕೌಂಟರಿನ ಈಚೆ ಕುಳಿತು ಎಷ್ಟೋ ಜನರಿಗೆ ಹೇಳಿದ್ದೇನೆ. ಆಚೆ ನಿಂತು ಕೇಳಿದ್ದು ಇದೇ ಮೊದಲು.

ಲಗತ್ತಿಸುವುದಿಲ್ಲ, ತೆಗೆಯುವುದೂ ಇಲ್ಲ ಎಂದೆ.

ಅಭಿಷೇಕ್ ಎಂಬ ಹುಡುಗನನ್ನು ಆರಿಸಿದ್ದಾರೆ. ಬೆಸ್ತರ ಮಕ್ಕಳ ಜೊತೆ ಸೇರಿ ಚಿಕ್ಕವರಿಗೆ ಈಜು ಕಲಿಸುವವನಂತೆ. ಒಳ್ಳೆಯ ಹುಡುಗ, ಫೋಟೋಗಳೂ ಚೆನ್ನಾಗಿವೆ.

ಆ ಪುಟವನ್ನು ತೆಗೆದಿದ್ದರೆ ನಿನ್ನ ಹೆಸರು ಬರುತ್ತಿತ್ತೇನೋ. ನಿನಗೆ ಬೇಕಾಗಿದ್ದ ಬಾಗಿಲು ಅದೊಂದೇ ಎಂದು ನೀನು ಬರೆದದ್ದು ಗೊತ್ತಿದ್ದೂ ನಿನ್ನನ್ನು ಕೇಳದೆ ಉತ್ತರ ಕೊಟ್ಟೆ. ಕೇಳಬೇಕಿತ್ತು.

ಶ್ರೀವತ್ಸ

(ಅಮ್ಮನ ಅಕ್ಷರದಲ್ಲಿ) ಫೋನ್ ಇಟ್ಟ ಮೇಲೆ ಬಾಲ್ಕನಿಯಲ್ಲಿ ನಿಂತುಬಿಟ್ಟರು. ಎರಡು ಸಲ ಕಾಫಿ ಬಿಸಿ ಮಾಡಿಕೊಟ್ಟೆ, ಎರಡೂ ಸಲ ಆರಿತು. ಫೈಲು ವಾಪಸ್ ತಂದಿದ್ದಾರೆ. ಅಟ್ಟಕ್ಕೆ ಹಾಕಲು ಬಿಡುತ್ತಿಲ್ಲ.

ಇಬ್ರಾಹಿಂಪಟ್ನಂ
5 ಜನವರಿ 2026

ಅಪ್ಪಾ,

ಅಭಿಷೇಕ್‌ಗೆ ಕೊಟ್ಟದ್ದು ಸರಿ. ಅವನು ನೀರಿನಲ್ಲಿ ಹೆದರುವ ಮಕ್ಕಳನ್ನು ಬೈಯುವುದಿಲ್ಲ, ನಾನೇ ನೋಡಿದ್ದೇನೆ. ಸ್ವಲ್ಪ ಅತ್ತೆ, ಸುಳ್ಳು ಹೇಳುವುದಿಲ್ಲ. ವಾರ್ಡನ್ ಮೇಡಂ ನೋಡಿಬಿಟ್ಟರು. ನಿಮ್ಮ ಪತ್ರದಲ್ಲಿ ಅವರಿಗೆ ಅರ್ಥವಾಗದೆ ಉಳಿದದ್ದನ್ನು ನಾನೇ ತೆಲುಗಿನಲ್ಲಿ ಹೇಳಿದೆ, ಪುಟ ತೆಗೆಯುವುದಿಲ್ಲ ಅಂದಿರಲ್ಲ, ಅಷ್ಟು ಮಾತ್ರ. ಯಾಕೆ ಅಂತ ಅವರು ಕೇಳಲಿಲ್ಲ. ಲಕೋಟೆಯೊಳಗೆ ಪತ್ರ ವಾಪಸ್ ಹಾಕಿ, "ಇನ್ನು ಮೇಲೆ ನಿಮ್ಮ ನಾನ್ನ ಪತ್ರ ನಾನು ಒಡೆಯೋಲ್ಲ, ಹೋಗು" ಅಂದರು.

ನೀವು ನನ್ನನ್ನು ಕೇಳಿದ್ದರೆ ನಾನೂ ಅದೇ ಹೇಳುತ್ತಿದ್ದೆ. ಆದರೆ ನಾನು ಹೇಳಲು ತುಂಬಾ ಹೊತ್ತು ತೆಗೆದುಕೊಳ್ಳುತ್ತಿದ್ದೆ.

ಹನ್ನೊಂದನೇ ತಾರೀಕು ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಹೊರಡುತ್ತೇನೆ. ನೀವು ಕೆಂಪು ಗೆರೆ ಎಳೆಯಬೇಕಾದ ಪತ್ರ ತರುತ್ತಿದ್ದೇನೆ. ಬೇಕಾದರೆ ಸಹಿ ಹಾಕಿ, ಇಲ್ಲದಿದ್ದರೂ ನಡೆಯುತ್ತದೆ. ಬಿಳಿ ಕೋಟುಗಳನ್ನೂ ತರುತ್ತೇನೆ, ಅಮ್ಮನಿಗೆ ಮೊದಲೇ ಸಾರಿ ಹೇಳಿಬಿಡಿ.

ಒಂದು ಹೆಲ್ಪ್ ಬೇಕು. ಮಂಗಳಕ್ಕ ಸಂಕ್ರಾಂತಿಗೆ ಮನೆಗೆ ಬಾ ಅಂದಿದ್ದಾರೆ. ಹೋಗಲೇಬೇಕು ಅಂತ ಇದೆ. ಅಥಣಿಯ ಅಕ್ಕನೂ ಬರುತ್ತಾರಂತೆ, ಆಮೇಲೆ ಅವರಿಬ್ಬರೂ ಹೊಸಬರೊಬ್ಬರ ಜೊತೆ ಎಲ್ಲಿಗೋ ಹೊರಟಿದ್ದಾರಂತೆ, ನೀನೂ ಬಾ, ಇದಕ್ಕ ಕ್ಲಬ್ ಯಾಕ ಬೇಕು ಅಂತ ಭಾನುವಾರ ಫೋನಿನಲ್ಲಿ ಅಂದರು. ಆದರೆ ನೇವಿ ಗೇಟು ನೆನೆಸಿಕೊಂಡರೆ ಈಗಲೇ ಅಂಗೈ ಬೆವರುತ್ತಿದೆ. ಒಬ್ಬಳೇ ಹೋದರೆ ಬಾಗಿಲವರೆಗೂ ಹೋಗಿ ವಾಪಸ್ ಬಂದುಬಿಡುತ್ತೇನೆ. ನನಗೆ ನನ್ನ ಬಗ್ಗೆ ಗೊತ್ತು.

ನೀವು ಬರುತ್ತೀರಾ? ಯಾವ ಕಾಗದವೂ ಬೇಡ. ಅಲ್ಲಿ ನೀವು ಏನೂ ಮಾತಾಡಬೇಕಾಗಿಲ್ಲ. ಪಕ್ಕದಲ್ಲಿ ನಿಂತಿದ್ದರೆ ಸಾಕು.

ನಿಮ್ಮ
ಅಪೂರ್ವಾ